ಮರಳಿ ಬರುವ ಮಾತು

ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡುವುದು ನನ್ನ ಕೆಲಸ. ಎಂಜಿನಿಯರಿಂಗ್ ಓದಿಗೆ ಸಾಲ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಈ ವರ್ಷ ಅರ್ಜಿ ನನ್ನ ಮನೆಯದೇ. ಮಗಳಿಗೆ ವಿದೇಶದ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದುವ ಆಸೆ. ಅದಕ್ಕೆ ಗುಂಜೋಟಿಯ ಹೊಲ ಅಡವಾಗಬೇಕು.

"ಕಲ್ಲ ನೋಡೂದು ಕಲೀಲಿಕ್ಕ ಹೊಲ ಅಡಾ ಇಡ್ತಿ ಏನೋ?" ಎಂದು ಅಣ್ಣ ಕೇಳಿದ. ಹೊಲದಲ್ಲಿ ಅವನ ಪಾಲೂ ಇದೆ. ಅವನ ಮಾತನ್ನು ನಕ್ಕು ತೇಲಿಸುವಂತಿಲ್ಲ.

ಈ ಆಸೆ ಹುಟ್ಟಿದ್ದು ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನ ಪ್ರಶಸ್ತಿ ಬರೆಯುತ್ತ ನಿಂತಿದ್ದಾಳೆ. "ಅಪ್ಪಾ, ಆಕಿ ಏನ್ ಬರೀಲತ್ತಾಳ?" ಎಂದು ಮಗಳು ಕೇಳಿದಳು. ನನ್ನ ಬಿ.ಎ. ಪದವಿ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಅಣ್ಣನ ಸಂಶಯದ ಹಿಂದೆ ಇನ್ನೊಂದು ಪ್ರಶ್ನೆಯಿದೆ: ಹೋದವಳು ಮರಳಿ ಬರುತ್ತಾಳೆಯೇ? ಯು.ಆರ್. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಓದಲು ಹೋಗಿ, ಅಲ್ಲಿದ್ದಾಗಲೇ 'ಸಂಸ್ಕಾರ' ಬರೆದು, 1966ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅಮೆರಿಕದ ಇಂಡಿಯಾನಾದಲ್ಲಿ ಭಾಷಾಶಾಸ್ತ್ರ ಓದಿದರು. ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದು 1993ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ನಮ್ಮ ನೆರೆಯ ಕಲ್ಯಾಣದ ಶರಣರ ವಚನಗಳನ್ನು 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಪುಸ್ತಕದ ಮೂಲಕ ಜಗತ್ತಿಗೆ ಓದಿಸಿದವರು ಅವರೇ. ಬಂದವರು ಋಣ ತೀರಿಸಿದರು, ಬಾರದವರು ತೀರಿಸಲಿಲ್ಲ ಎಂದು ಯಾವ ಲೆಕ್ಕದಲ್ಲಿ ಬರೆಯಲಿ?

ಮಗಳನ್ನೇ ಕೇಳಿದೆ. "ಬರ್ತೀನಂತ ಈಗೇ ಆಣಿ ಮಾಡಿದ್ರ ಸುಳ್ಳಾಗಬಹುದಪ್ಪಾ" ಎಂದಳು. ನೋವಾಯಿತು, ಆದರೆ ಮಾತು ಪ್ರಾಮಾಣಿಕವಾಗಿತ್ತು. ಬ್ಯಾಂಕಿನ ಸಾಲಕ್ಕೆ ಕಂತು ಉಂಟು. ಹೆತ್ತವರು ಮಕ್ಕಳ ಬಾಳಿಗೆ ಕಂತು ಕಟ್ಟಲಾಗದು.

ಆಮೇಲೆ ಪ್ರಶ್ನೆ ನನ್ನ ಕಡೆಗೇ ತಿರುಗಿತು. ರಾಮಾನುಜನ್ ಹೋಗುವಾಗ ಕನ್ನಡವನ್ನು ಜೊತೆಗೊಯ್ದಿದ್ದರು. ಮರಾಠಿ ಶಾಲೆಯಲ್ಲಿ ಕಲಿತ ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಒಯ್ಯಲು ಏನನ್ನೂ ಕೊಡದೆ, ಮರಳಿ ತಾ ಎನ್ನುವುದು ನ್ಯಾಯವೇ? ಕಾಸರಗೋಡಿನ ಕನ್ನಡ ಮನೆಗಳಿಗೂ ಈ ಪ್ರಶ್ನೆ ಹೊಸದಾಗಿರಲಾರದು.

ಅಣ್ಣನ ಪಾಲನ್ನು ಬಿಟ್ಟು ನನ್ನ ಪಾಲನ್ನಷ್ಟೇ ಅಡವಿಡಲು ನಿರ್ಧರಿಸಿದ್ದೇನೆ. ಕಡಿಮೆ ಬೀಳುವ ಹಣಕ್ಕೆ ಮಗಳು ವಿದ್ಯಾರ್ಥಿವೇತನ ಹುಡುಕುತ್ತಿದ್ದಾಳೆ. ರಾತ್ರಿ ಊಟವಾದ ಮೇಲೆ ಇಬ್ಬರೂ ಕನ್ನಡ ಪುಸ್ತಕ ಹಿಡಿದು ಕೂರುತ್ತೇವೆ. ಒತ್ತಕ್ಷರದಲ್ಲಿ ಅವಳಿನ್ನೂ ಎಡವುತ್ತಾಳೆ. ಹೊರಡುವ ಮೊದಲು ಅದೊಂದನ್ನಾದರೂ ತಿದ್ದಿ ಕಳಿಸಬೇಕು.