ಯಾರ ಮಗಳು ಎಂದು ಕೇಳದ ಊರು

ಪರದೇಶದ ಕನ್ನಡ ಕೂಟಗಳಿಗೆ ಊರಿನಿಂದ ಅತಿಥಿಗಳಾಗಿ ಬರುವವರು ಒಂದು ಮಾತನ್ನು ಆಡದೆ ವೇದಿಕೆ ಇಳಿಯುವುದಿಲ್ಲ. ‘ಇಲ್ಲಿ ಎಲ್ಲ ಇದೆ, ಆದರೆ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ಸತ್ತರೂ ಕೇಳೋರಿಲ್ಲ. ಇದೂ ಒಂದು ಬದುಕೇ?’ ಸಭೆ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಎಲ್ಲರೂ ಬಿಸಿಬೇಳೆಬಾತ್ ಮುಗಿಸಿ, ಹೆಸರು ಗೊತ್ತಿಲ್ಲದ ಅದೇ ನೆರೆಹೊರೆಗೆ ರೈಲು ಹಿಡಿಯುತ್ತಾರೆ. ಊರಿಗೆ ಒಂದೇ ಕಡೆಯ ಟಿಕೆಟ್ ತೆಗೆಸಿದವರನ್ನು ಯಾರೂ ಕಂಡಂತಿಲ್ಲ.

ಲಂಡನ್ನಿನ ಇಂಥದೊಂದು ಯುಗಾದಿ ಕಾರ್ಯಕ್ರಮದ ಹಿಂದಿನ ಸಾಲಿನಲ್ಲಿ, ಸಾಗರದ ಕಡೆಯಿಂದ ಬಂದು ಆ ನಗರದ ಪೂರ್ವ ಭಾಗದಲ್ಲಿ ಬಾಡಿಗೆಗಿದ್ದ ಲೇಖಕಿಯೊಬ್ಬಳು ಕೂತಿದ್ದಳು. ಈ ಮಾತು ಕೇಳಿ ಆಕೆಗೆ ಮೈ ಉರಿಯಿತು. (ಆಕೆಯೇ ಇದನ್ನು ಬರೆಯುತ್ತಿರುವುದು. ‘ನಾನು’ ಎಂದು ಶುರು ಮಾಡಿದರೆ ವಾದ ಹೋಗಿ ಆತ್ಮಕಥೆಯಾಗುತ್ತದೆ ಎಂಬ ಅಂಜಿಕೆಯಿಂದ ‘ಆಕೆ’ಯಾಗಿದ್ದಾಳೆ.) ವೇದಿಕೆಯ ಮೇಲಿದ್ದವರು ಯಾವುದನ್ನು ನಗರದ ದೊಡ್ಡ ಕೊರತೆ ಅಂದರೋ, ಅದಕ್ಕೇ ಆಕೆ ಆ ಊರಿಗೆ ಮನಸೋತಿದ್ದಳು.

ಸಾಗರದಲ್ಲಿ ಆಕೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮೆಡಿಕಲ್ ಶಾಪಿನವರು ಪ್ಯಾಡಿನ ಪೊಟ್ಟಣವನ್ನು ಹಳೆ ಪೇಪರಿನಲ್ಲಿ ಸುತ್ತಿ, ಕರಿ ಕವರಿಗೆ ಹಾಕಿ, ಗಂಟು ಬಿಗಿಯುತ್ತಲೇ ‘ಅಪ್ಪ ಆರಾಮಾ?’ ಅನ್ನುತ್ತಿದ್ದರು. ಸಂಜೆ ಆರೂವರೆಯ ಬಸ್ಸು ತಪ್ಪಿಸಿಕೊಂಡು ಮುಂದಿನದಕ್ಕೆ ಕಾದು ಕೂತರೆ, ಆಕೆ ಮನೆ ಸೇರುವ ಮೊದಲೇ ಸುದ್ದಿ ಸೇರಿರುತ್ತಿತ್ತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅದು ಅಕ್ಕರೆಯೇ. ಆದರೆ ಕಾವಲು ಕಾಯುವುದೂ ಅದೇ ಅಕ್ಕರೆ.

ಲಂಡನ್ನಿನಲ್ಲಿ ರಾತ್ರಿ ಹತ್ತೂವರೆಗೆ ಡಬಲ್ ಡೆಕರ್ ಬಸ್ಸಿನ ಮಹಡಿ ಹತ್ತಿ, ಗಾಜಿನ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಾಗ ಹಿಂದಿನ ಸೀಟಿನವರು ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. 2021ರ ಜನಗಣತಿಯ ಪ್ರಕಾರ ಆ ನಗರದ ಹತ್ತು ಜನರಲ್ಲಿ ನಾಲ್ವರು ಬೇರೆ ದೇಶದಲ್ಲಿ ಹುಟ್ಟಿದವರು. ಎಲ್ಲರೂ ಎಲ್ಲಿಂದಲೋ ಬಂದವರಾದ ಕಡೆ ‘ಎಲ್ಲಿಂದ ಬಂದೆ’ ಎಂಬ ಪ್ರಶ್ನೆಗೆ ಅಷ್ಟು ಚೂಪು ಇರುವುದಿಲ್ಲ.

ನಗರವನ್ನು ಬಯ್ಯುವ ಪರಂಪರೆ ದೊಡ್ಡದು. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1903ರಲ್ಲೇ ಮಹಾನಗರ ಮನಸ್ಸನ್ನು ಹೇಗೆ ಜಡ್ಡುಗಟ್ಟಿಸುತ್ತದೆ ಎಂದು ಬರೆದಿಟ್ಟ. ಮೆಚ್ಚುವವರ ಪರಂಪರೆಯೂ ಇದೆ, ಪ್ಯಾರಿಸ್ಸಿನ ಬೀದಿ ಅಲೆದ ರಸಿಕರದು. ಹೊಟ್ಟೆ ತುಂಬಿದ ಗಂಡಸರ ಆ ಅಲೆದಾಟ ಲೇಖಕಿಗೆ ಆಕಳಿಕೆ ತರಿಸುತ್ತದೆ. ಇಬ್ಬರನ್ನೂ ಪಕ್ಕಕ್ಕಿಡಬಹುದು. ಪಕ್ಕಕ್ಕಿಡಲಾಗದ ಒಬ್ಬರನ್ನು ಆ ದಿನದ ಭಾಷಣಕಾರರು ಕೊನೆಗೆ ಎಳೆದು ತಂದಿದ್ದರು: ಗಾಂಧೀಜಿ.

1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಹೊರಟ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ಗಾಂಧಿ ‘ಹಿಂದ್ ಸ್ವರಾಜ್’ ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ನಮ್ಮ ಹಿರಿಯರಿಗೆ ದೊಡ್ಡ ನಗರ ಒಂದು ಬಲೆಯೆಂದು ತಿಳಿದಿತ್ತು, ಅಲ್ಲಿ ಕಳ್ಳಕಾಕರು ಹೆಚ್ಚುತ್ತಾರೆ, ಸಿರಿವಂತರು ಬಡವರನ್ನು ಸುಲಿಯುತ್ತಾರೆ, ಆದ್ದರಿಂದಲೇ ಅವರು ಹಳ್ಳಿಗಳಲ್ಲಿ ತೃಪ್ತರಾಗಿದ್ದರು ಎಂಬುದು ಅಲ್ಲಿನ ವಾದ.

ಇದನ್ನು ಬರೆದವರು ಯಾರು ಎಂದು ನೋಡಿ. 1888ರಲ್ಲಿ ಮೋಹನದಾಸ ಲಂಡನ್ನಿಗೆ ಹೊರಟಾಗ ಬೊಂಬಾಯಿಯ ಅವರ ಜಾತಿಯವರು ಪಂಚಾಯಿತಿ ಸೇರಿಸಿ, ಕಡಲು ದಾಟುವುದು ಧರ್ಮಕ್ಕೆ ವಿರುದ್ಧವೆಂದು ಹುಡುಗನನ್ನು ಬಹಿಷ್ಕರಿಸಿದರು. ಬಂದರಿಗೆ ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ‘ಯಾರ ಮಗ’ ಎಂದು ಬಲ್ಲವರು ಕೊಟ್ಟ ಉಡುಗೊರೆ ಅದು. ಹೆಸರು ಗೊತ್ತಿಲ್ಲದವರ ಊರು ಕೊಟ್ಟದ್ದೇನು? ಅಮ್ಮನಿಗೆ ಕೊಟ್ಟ ಮಾತಿನಿಂದಾಗಿ ಮಾಂಸ ಮುಟ್ಟದ ಹುಡುಗ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಅಗ್ಗದ ಹೋಟೆಲುಗಳಲ್ಲಿ ಬ್ರೆಡ್ ತಿಂದು ಅರೆಹೊಟ್ಟೆಯಲ್ಲಿರುತ್ತಿದ್ದ. ಕೊನೆಗೊಂದು ದಿನ ಫ್ಯಾರಿಂಗ್‌ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರಿ ಹೋಟೆಲು ಸಿಕ್ಕಿತು. ಅದರ ಬಾಗಿಲ ಬಳಿ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಬರೆದ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡ. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅವತ್ತೇ. ಅಲ್ಲಿಯ ತನಕ ಮಾತಿಗೆ ಕಟ್ಟುಬಿದ್ದು ಸಸ್ಯಾಹಾರಿಯಾಗಿದ್ದವನು, ಆ ಪುಸ್ತಕ ಓದಿದ ಮೇಲೆ ತಾನೇ ಆರಿಸಿಕೊಂಡು ಸಸ್ಯಾಹಾರಿಯಾದ. ಗೀತೆಯನ್ನು ಮೊದಲ ಸಲ ಓದಿದ್ದೂ ಲಂಡನ್ನಿನಲ್ಲಿ, ಇಬ್ಬರು ಥಿಯಾಸಫಿಸ್ಟರ ಜೊತೆ, ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಅನುವಾದದಲ್ಲಿ. ಆಮೇಲೆ ಬೇಸ್‌ವಾಟರಿನಲ್ಲಿ ಸಸ್ಯಾಹಾರಿ ಕ್ಲಬ್ ಕಟ್ಟಿ ಅದೇ ಆರ್ನಾಲ್ಡನನ್ನು ಉಪಾಧ್ಯಕ್ಷನನ್ನಾಗಿ ಮಾಡಿಕೊಂಡ.

ಹುಟ್ಟಿನಿಂದ ಬಂದದ್ದನ್ನು ತನ್ನ ಇಚ್ಛೆಯಿಂದ ಮತ್ತೊಮ್ಮೆ ಆರಿಸಿಕೊಳ್ಳುವ ಅವಕಾಶ ಅದು. ಪೋರಬಂದರಿನಲ್ಲಿ, ರಾಜಕೋಟದಲ್ಲಿ ಅದು ಸಿಗುತ್ತಿರಲಿಲ್ಲ. ಅಂಥ ವಿಚಿತ್ರ ಹೋಟೆಲು, ವಿಚಿತ್ರ ಸಂಘ, ವಿಚಿತ್ರ ಪುಸ್ತಕ ಬದುಕಿ ಉಳಿಯಬೇಕಾದರೆ ಲಕ್ಷಾಂತರ ಜನ ಒಂದೆಡೆ ಇರಬೇಕು. ಸಾವಿರಕ್ಕೊಬ್ಬ ಗಿರಾಕಿ ಬಂದರೂ ಅಂಗಡಿ ನಡೆಯುವಷ್ಟು ಜನ. ನಗರವನ್ನು ಬಲೆಯೆಂದ ಮನುಷ್ಯನನ್ನು ನಗರವೇ ತಯಾರು ಮಾಡಿತು. ವಾದ ಇಲ್ಲಿಗೆ ಮುಗಿಯಿತು ಎಂದು ಲೇಖಕಿ ಒಂದಷ್ಟು ಕಾಲ ಬೀಗಿದ್ದುಂಟು.

ಮುಗಿಯುವುದಿಲ್ಲ. ನಗರದಲ್ಲಿ ತನಗೇನು ಸಿಕ್ಕಿತು ಎಂಬುದನ್ನು ಗಾಂಧಿ ಲೆಕ್ಕಕ್ಕೇ ಹಿಡಿಯಲಿಲ್ಲ. ಅವರು ಕೇಳಿದ್ದು, ನಗರ ಇನ್ನೊಬ್ಬರಿಂದ ಏನು ಕಿತ್ತುಕೊಳ್ಳುತ್ತದೆ ಎಂದು. ಈ ಪ್ರಶ್ನೆಗೆ ಸಾಗರ ತಾಲ್ಲೂಕಿನವಳು ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಆಕೆಯ ಕಡೆಯ ಹಳ್ಳಿಗಳು, ಗದ್ದೆಗಳು, ಅಡಿಕೆ ತೋಟಗಳು ಮುಳುಗಿದವು. ಶರಾವತಿಯ ವಿದ್ಯುತ್ತು ತಂತಿಯೇರಿ ಬೆಂಗಳೂರಿಗೂ ಹೋಯಿತು. ಹಿನ್ನೀರಿನಾಚೆ ಉಳಿದ ತುಮರಿ ಸುತ್ತಿನವರು ಆಸ್ಪತ್ರೆಗೂ ಲಾಂಚಿಗೆ ಕಾದರು. ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಈ ನಡುವೆ ಶರಾವತಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಯೋಜನೆ ಎದ್ದು, 2019ರಲ್ಲಿ ಜಿಲ್ಲೆ ಬೀದಿಗಿಳಿಯಬೇಕಾಯಿತು. ಲಂಡನ್ನಿನ ಬಸ್ಸಿನ ಮಹಡಿಯಿಂದ ದೀಪಗಳ ಸಾಲು ನೋಡಿ ಹಿಗ್ಗುವಾಗ, ಆ ಬೆಳಕಿಗೆ ಯಾವ ದೇಶದ ಯಾವ ಕಣಿವೆ ಮುಳುಗಿತು ಎಂದು ಆಕೆ ಕೇಳಿಕೊಂಡಿರಲಿಲ್ಲ. ಹೊರಗಿನವಳಿಗೆ ಆ ಲೆಕ್ಕ ಯಾರೂ ತೋರಿಸುವುದಿಲ್ಲ. ಪರದೇಶದ ನಗರದ ಮೇಲೆ ಪ್ರೀತಿ ಹುಟ್ಟುವುದು ಸುಲಭವಾಗಲು ಇದೂ ಒಂದು ಕಾರಣ.

ಸುಲಿಗೆಯ ವಿಷಯದಲ್ಲಿ ಗಾಂಧಿ ಗೆದ್ದರು ಎಂದಿಟ್ಟುಕೊಳ್ಳೋಣ. 1945ರ ಅಕ್ಟೋಬರಿನಲ್ಲಿ ನೆಹರೂಗೆ ಬರೆದ ಪತ್ರದಲ್ಲೂ ಅವರು ಪಟ್ಟು ಬಿಡಲಿಲ್ಲ: ಕೋಟ್ಯಂತರ ಜನ ಪಟ್ಟಣಗಳಲ್ಲಿ ನೆಮ್ಮದಿಯಿಂದ ಬಾಳಲಾರರು, ಹಳ್ಳಿಗಳಲ್ಲೇ ಬಾಳಬೇಕು. ನೆಹರೂ ನಾಲ್ಕು ದಿನದಲ್ಲಿ ಉತ್ತರಿಸಿ, ಹಳ್ಳಿಯೆಂದರೆ ಸಾಮಾನ್ಯವಾಗಿ ಹಿಂದುಳಿದ ವಾತಾವರಣ, ಅಲ್ಲಿಂದ ಪ್ರಗತಿ ಬಾರದು ಅಂದರು. ಅದು ಮೇಲಿನಿಂದ ಕಂಡ ಮಾತು. ಒಳಗಿನಿಂದ ಕಂಡ ಮಾತನ್ನು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಆಡಿದವರು ಅಂಬೇಡ್ಕರ್. ಹಳ್ಳಿಯ ಸಣ್ಣತನ, ಅಜ್ಞಾನ, ಕೋಮುಭಾವನೆಗಳ ಬಗ್ಗೆ ಅವರು ಮುಲಾಜಿಲ್ಲದೆ ಹೇಳಿದ್ದು ಎಲ್ಲರಿಗೂ ಗೊತ್ತಿರುವುದೇ. ಲೇಖಕಿ ತನ್ನ ವಾದಕ್ಕೆ ಅವರ ಆಸರೆ ಹಿಡಿಯಲು ಹೋದಳು. ಅಲ್ಲೇ ಕಾಲು ಜಾರಿತು.

1913ರಿಂದ ನ್ಯೂಯಾರ್ಕಿನಲ್ಲೂ ಆಮೇಲೆ ಲಂಡನ್ನಿನಲ್ಲೂ ಓದಿದ ಅಂಬೇಡ್ಕರರಿಗೆ, ತಾನು ಅಸ್ಪೃಶ್ಯ ಎಂಬ ಅರಿವೇ ಅಳಿಸಿಹೋಗಿತ್ತೆಂದು ಅವರೇ ಬರೆದುಕೊಂಡಿದ್ದಾರೆ. 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಇಳಿದರು. ಎಲ್ಲೂ ಕೋಣೆ ಸಿಗದೆ ಪಾರಸಿಗಳ ವಸತಿಗೃಹದಲ್ಲಿ ಪಾರಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನದಲ್ಲಿ ದೊಣ್ಣೆ ಹಿಡಿದವರು ಬಾಗಿಲಿಗೆ ಬಂದು ಹೊರಹಾಕಿದರು. ಆಶ್ರಯ ಕೇಳಿದರೆ ಇಬ್ಬರು ಗೆಳೆಯರೂ ನುಣುಚಿಕೊಂಡರು. ರೈಲಿನ ಹೊತ್ತಾಗುವ ತನಕ ಅವರು ಸಾರ್ವಜನಿಕ ಉದ್ಯಾನದಲ್ಲಿ ಕೂತರು.

ಬರೋಡಾ ಹಳ್ಳಿಯಲ್ಲ. ರಾಜಧಾನಿ, ಅದೂ ಪ್ರಗತಿಪರ ಎನಿಸಿಕೊಂಡ ಸಂಸ್ಥಾನದ ರಾಜಧಾನಿ. ಹಾಗಾದರೆ ನ್ಯೂಯಾರ್ಕಿನಲ್ಲಿ ಅವರನ್ನು ಬಿಡುಗಡೆ ಮಾಡಿದ್ದು ನಗರವೋ, ಪರದೇಶವೋ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ‘ನಿಮ್ಮದು ಯಾವ ಕಡೆ? ನಾನ್‌ವೆಜ್ ಮಾಡ್ತೀರಾ?’ ಎಂಬೆರಡು ಪ್ರಶ್ನೆಯಲ್ಲಿ ಮನೆ ಮಾಲೀಕರಿಗೆ ಬೇಕಾದುದೆಲ್ಲ ಗೊತ್ತಾಗುತ್ತದೆ. ಲೇಖಕಿಯ ಉತ್ತರ ಬಾಗಿಲು ತೆರೆಯುವ ಜಾತಿಯ ಉತ್ತರ. ಆದ್ದರಿಂದ ಆಕೆಯ ಕಿರಿಕಿರಿಯನ್ನು ಬರೋಡಾದ ಪಕ್ಕ ನಿಲ್ಲಿಸುವಂತಿಲ್ಲ. ಆದರೆ ಒಂದು ಕೋಟಿ ದಾಟಿದ ಊರೊಂದು ಹತ್ತು ಮನೆಯ ಕೇರಿಯ ಹಾಗೆಯೇ ವಿಚಾರಿಸಬಲ್ಲದು ಎಂಬುದಂತೂ ನಿಜ. ಲಂಡನ್ ಕೇಳುವುದಿಲ್ಲ ಎಂದೂ ಅಲ್ಲ. 2016ರ ಫೆಬ್ರವರಿಯಿಂದ ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಬಾಡಿಗೆದಾರರಿಗೆ ಆ ದೇಶದಲ್ಲಿರುವ ಹಕ್ಕಿದೆಯೇ ಎಂದು ನೋಡಲೇಬೇಕು. ಇನ್ನು ಅಲ್ಲಿನ ನಮ್ಮವರು ಜಾತಿ ಕೇಳದೆ ಬಿಡುತ್ತಾರೆಂದು ಯಾರೂ ತಿಳಿಯಬೇಕಾಗಿಲ್ಲ. ಊಟದ ತಟ್ಟೆ ಕೈಗೆ ಬರುವುದರೊಳಗೆ ಕೇಳಿರುತ್ತಾರೆ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಿಂದ ಬಸವಣ್ಣನವರ ಪುತ್ಥಳಿ ಇದೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವ ಕನ್ನಡಿಗರು ನೆನೆಯುವುದು ಹೆಚ್ಚಾಗಿ ಸಂಸತ್ತನ್ನು. ಲೇಖಕಿಗೆ ನೆನಪಾದದ್ದು ಕಲ್ಯಾಣವೆಂಬ ಊರು. ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕ, ಇಬ್ಬರೂ ಆಕೆಯ ಜಿಲ್ಲೆಯವರೇ, ಇದ್ದ ಊರು ಬಿಟ್ಟು ಅಲ್ಲಿಗೆ ಬಂದರು. ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದವನೆಂದು ಪರಂಪರೆ ಹೇಳುತ್ತದೆ. ಮಡಿವಾಳರು, ಅಂಬಿಗರು, ಚರ್ಮ ಹದ ಮಾಡುವವರು ಒಂದೆಡೆ ಕೂತು ವಾದಿಸಿದ ಆ ಹನ್ನೆರಡನೇ ಶತಮಾನದ ರಾಜಧಾನಿ ಅಪರಿಚಿತರ ಊರಲ್ಲದೆ ಇನ್ನೇನು? ಗಾಂಧಿಗೆ ಕನ್ನಡದಿಂದಲೇ ಉತ್ತರ ಸಿಕ್ಕಿತು ಅನಿಸಿತು. ಆದರೆ ಆ ಕಥೆಯ ಕೊನೆಯೂ ಗೊತ್ತಿರುವುದೇ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡಾಗ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಶರಣರು ಚೆದುರಿಹೋದರು. ಒಟ್ಟಿಗೆ ಕೂತು ಮಾತಾಡುವ ತನಕ ಊರು ಸುಮ್ಮನಿತ್ತು. ನೆಂಟರಾಗಲು ಹೊರಟಾಗ ಕೆರಳಿತು.

ಅಪರಿಚಿತರು ಅಪರಿಚಿತರಾಗಿಯೇ ಉಳಿಯಲಿ ಎಂಬ ಕರಾರಿನ ಮೇಲೆ ಮಾತ್ರ ನಗರ ಅವರನ್ನು ಸಹಿಸುತ್ತದೆಯೇ?

ಲಂಡನ್ನಿನ ಆಕೆಯ ಬೀದಿಯಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯೊಂದಿತ್ತು. ಭಾನುವಾರ ಬೆಳಗ್ಗೆ ಅಲ್ಲಿಗೆ ಜಮೈಕಾ ಕಡೆಯ ಮುದುಕಿಯೊಬ್ಬರು ಬರುತ್ತಿದ್ದರು. ಡಬಲ್ ಕಾಟ್ ಬೆಡ್‌ಶೀಟನ್ನು ಒಬ್ಬಳೇ ಮಡಿಸಲು ಹೆಣಗುತ್ತಿದ್ದ ಲೇಖಕಿಯ ಕೈಯಿಂದ ಅವರೊಮ್ಮೆ ಎರಡು ಮೂಲೆ ತೆಗೆದುಕೊಂಡರು. ಇಬ್ಬರೂ ಹಿಂದೆ ಹೆಜ್ಜೆ ಹಾಕಿ ಬಿಗಿಯಾಗಿ ಎಳೆದು, ಒಂದು ಸಲ ಕೊಡವಿ, ಮುಂದೆ ಬಂದು ಮೂಲೆಗೆ ಮೂಲೆ ಸೇರಿಸಿದರು. ಅವತ್ತಿನಿಂದ ಅದು ಪದ್ಧತಿಯೇ ಆಯಿತು. ಮಳೆ, ಮೆಷಿನ್ನಿನ ರಗಳೆ, ಮೊಣಕಾಲಿನ ನೋವು, ಇಷ್ಟೇ ಮಾತು. ಹೆಸರು ಅವರೂ ಕೇಳಲಿಲ್ಲ, ಈಕೆಯೂ ಕೇಳಲಿಲ್ಲ. ಈಕೆಗೆ ಅದೊಂದು ಸೊಗಸಿನ ಹಾಗೆ ಕಂಡಿತ್ತು. ಒಂದು ಚಳಿಗಾಲದಲ್ಲಿ ಅವರು ಬರುವುದು ನಿಂತಿತು. ವಿಚಾರಿಸಲು ಹೆಸರಿಲ್ಲ, ಮನೆ ಗೊತ್ತಿಲ್ಲ. ಅಂಗಡಿ ನೋಡಿಕೊಳ್ಳುವ ಹುಡುಗ ‘ಯಾವ ಮುದುಕಿ?’ ಅಂದ. ವೇದಿಕೆಯ ಮೇಲಿನ ಅತಿಥಿಗಳ ಮಾತಿನಲ್ಲಿ ಅರ್ಧ ನಿಜವಿತ್ತು ಎಂದು ಒಪ್ಪಿಕೊಳ್ಳಲು ಆಕೆಗೆ ಈಗಲೂ ಕಷ್ಟ, ಆದರೆ ಇತ್ತು.

ಗಾಂಧಿ 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆಂದು ಮತ್ತೆ ಲಂಡನ್ನಿಗೆ ಬಂದರು. ದೊಡ್ಡ ಹೋಟೆಲು ಬಿಟ್ಟು, ಬೋ ಎಂಬ ಕೂಲಿಕಾರರ ಬಡಾವಣೆಯಲ್ಲಿದ್ದ ಕಿಂಗ್‌ಸ್ಲಿ ಹಾಲಿನ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಉಳಿದರು. ಬೆಳಗ್ಗೆ ಆ ಬೀದಿಗಳಲ್ಲಿ ನಡೆದರು. ಅಲ್ಲಿನ ಮಕ್ಕಳು ಅವರನ್ನು ‘ಅಂಕಲ್ ಗಾಂಧಿ’ ಅಂದವು. ‘ಹಿಂದ್ ಸ್ವರಾಜ್’ನಲ್ಲಿ ಇಲ್ಲದ ಉತ್ತರ ಇದು. ನಗರ ಬೇಡವೆನ್ನದೆ, ಅದರ ಒಂದು ಮೂಲೆಯಲ್ಲಿ ಹೋಗಿ ನೆಂಟನಾಗಿಬಿಡುವುದು. ಆ ಲಾಂಡ್ರಿಯ ಬೀದಿಯಲ್ಲಿ ಅವರಿದ್ದಿದ್ದರೆ ಮುದುಕಿ ಬಾರದ ಮಾರನೇ ದಿನವೇ ವಿಚಾರಿಸಿಕೊಂಡು ಹೋಗಿ ಬಾಗಿಲು ಬಡಿಯುತ್ತಿದ್ದರು. ಬರೋಡಾದಲ್ಲಿ ದೊಣ್ಣೆ ಹಿಡಿದು ಬಂದವರೂ ವಿಚಾರಿಸಿಕೊಂಡೇ ಬಂದಿದ್ದರು.

ಒಂದು ವಿಚಾರಣೆಯನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿಸುವುದು ಹೇಗೆಂದು ಲೇಖಕಿಗೆ ಹೊಳೆದಿಲ್ಲ. ಬಾಡಿಗೆ ಮನೆಗೆ ಜಾತಿ ಕೇಳುವವರಿಗೆ ಮೊದಲು ದಂಡ ಬೀಳಲಿ, ನೆರೆಹೊರೆಯ ಅಕ್ಕರೆಯ ಮಾತು ಆಮೇಲೆ ಆಡೋಣ ಎನ್ನುವ ಕಡೆಗೇ ಆಕೆಯ ಮನಸ್ಸು ವಾಲುತ್ತದೆ. ಆದರೆ ಹೀಗೆ ವಾಲುತ್ತಿರುವುದು ನಲವತ್ತರ ಆಸುಪಾಸಿನ, ಮೊಣಕಾಲು ಗಟ್ಟಿಯಿರುವ ಹೆಂಗಸು. ಎಂಬತ್ತರಲ್ಲಿ ಇದೇ ಪ್ರಶ್ನೆ ಕೇಳಿದರೆ ಏನನ್ನುತ್ತಾಳೋ, ಹೇಳಲು ಬರುವುದಿಲ್ಲ.