ಮಳೆಯ ಮೇಲೆ ಹೊರಿಸುವ ಪಾಪ

2024ರ ಜುಲೈ 16ರಂದು ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರಲ್ಲ, ಅಂಕೋಲಾದ್ದು) ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ ಬಲಿಯಾಯಿತು. ಗಂಗಾವಳಿಗೆ ಬಿದ್ದ ಲಾರಿಯೊಂದು ಸಿಕ್ಕಿದ್ದು ಎರಡು ತಿಂಗಳ ಬಳಿಕ.

ಇಂಥ ಹೊತ್ತಿನಲ್ಲಿ "ವಿಪರೀತ ಮಳೆ, ದೇವರ ಕೋಪ" ಎಂದುಬಿಡುತ್ತೇವೆ. ಮಳೆ ವಿಪರೀತವಾಗಿದ್ದುದು ನಿಜ. ಆದರೆ ನಮ್ಮ ಕರಾವಳಿಗೆ ಆಷಾಢದ ಜಡಿಮಳೆ ಹೊಸತೇ? ಹೊಸತಾಗಿದ್ದುದು, ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದದ್ದು. ಬುಡದ ಆಸರೆ ತಪ್ಪಿದ ಮಣ್ಣು ನೀರು ಕುಡಿದು ಭಾರವಾದರೆ ಜಾರದೆ ಇದ್ದೀತೇ?

ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಯೇಸುಸ್ವಾಮಿ ತಿಳಿಸಿದ್ದನ್ನು ಲೂಕನ ಶುಭಸಂದೇಶದಲ್ಲಿ ಓದಿದ್ದೇವೆ. ಅವರು ಪಶ್ಚಾತ್ತಾಪ ಕೇಳಿದ್ದು ಬದುಕಿರುವವರಿಂದ. ಸತ್ತವರನ್ನು ದೂರಬಾರದು, ಆಕಾಶವನ್ನು ದೂರಿ ಕೈತೊಳೆದುಕೊಳ್ಳಲೂ ಬಾರದು. ಮಳೆ ಬರುವುದೆಂದು ತಿಳಿದೂ ಗುಡ್ಡ ಕಡಿಯುವವರು ಮನುಷ್ಯರು. ಅಗಲ ರಸ್ತೆಯಲ್ಲಿ ಬೇಗ ಊರು ಸೇರಬೇಕೆಂದು ಬಯಸಿದವರು ನಾವು.

ಬೈಂದೂರಿನ ಒತ್ತಿನೆಣೆಯಲ್ಲೂ ಅದೇ ಹೆದ್ದಾರಿಗಾಗಿ ಗುಡ್ಡ ಕಡಿದಿದ್ದಾರೆ, ಅಲ್ಲೂ ಮಣ್ಣು ಕುಸಿದಿದೆ. ಆ ದಾರಿಯಲ್ಲಿ ಹೋಗುವಾಗ ಶಿರೂರಿನಲ್ಲಿ ಮಡಿದವರಿಗಾಗಿ ಪ್ರಾರ್ಥಿಸೋಣ. ಮುಂದಿನ ಮಳೆಗಾಲಕ್ಕೆ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ನೆರೆಯವರನ್ನು ಪ್ರೀತಿಸುವುದೆಂದರೆ ಇದೂ ಸೇರಿದೆ.