ಸಂಸ್ಕಾರವೂ ಬಲಾತ್ಕಾರವೂ

ಒಂದು ವಸ್ತುವಿಗೆ ಸಂಸ್ಕಾರ ಕೊಡುವುದೆಂದರೆ ಅದರಲ್ಲಿ ಇಲ್ಲದ ರೂಪವನ್ನು ಅದರ ಮೇಲೆ ಹೇರುವುದೋ, ಒಳಗೆ ಅಡಗಿದ್ದುದನ್ನು ಹೊರಕ್ಕೆ ತರುವುದೋ? ಶಿಕ್ಷಣದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಮಕ್ಕಳನ್ನು ತಿದ್ದಿ ತೀಡದಿದ್ದರೆ ಕೆಡುತ್ತಾರೆಂದು ಕೆಲವರು, ತಿದ್ದುವುದೇ ಹಿಂಸೆಯೆಂದು ಕೆಲವರು. ಇಂಥ ದೊಡ್ಡ ಪ್ರಶ್ನೆಯನ್ನು ಒಂದು ಸಣ್ಣ ಕೈಕೆಲಸದ ಮುಂದೆ ಇಟ್ಟು ನೋಡಿದರೆ ಮಾತು ಸ್ವಲ್ಪ ನೆಲಕ್ಕೆ ಇಳಿಯುತ್ತದೆ. ಆ ಕೆಲಸ, ಕೈಯಿಂದ ಹೆಣೆದ ಉಣ್ಣೆಯ ಸ್ಕಾರ್ಫನ್ನು ನೆನೆಸಿ, ಎಳೆದು, ಗುಂಡುಸೂಜಿಗಳಿಂದ ಬಿಗಿದು ಒಣಗಿಸುವುದು. ಹೆಣಿಗೆ ಬಲ್ಲವರು ಇದನ್ನು ಬ್ಲಾಕಿಂಗ್ ಎನ್ನುತ್ತಾರೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳಲ್ಲಿ ಈ ಕೆಲಸಕ್ಕೆ ಹಳೆಯ ಪರಂಪರೆಯಿದೆ. ಅಲ್ಲಿನ ಹೆಂಗಸರು, ಅದರಲ್ಲಿಯೂ ಅನ್ಸ್ಟ್ ದ್ವೀಪದವರು, 19ನೆಯ ಶತಮಾನದಲ್ಲಿಯೇ ಜಾಲರಿ ಶಾಲುಗಳಿಗೆ ಹೆಸರಾಗಿದ್ದರು. ಅವುಗಳಲ್ಲಿ ಅತ್ಯಂತ ನಯವಾದ ಶಾಲನ್ನು ಮದುವೆಯ ಉಂಗುರದೊಳಗಿಂದ ಇಡಿಯಾಗಿ ಎಳೆದುಬಿಡಬಹುದು. ಆದರೆ ಕಡ್ಡಿಯಿಂದ ಆಗತಾನೆ ಇಳಿದ ಶಾಲನ್ನು ಕಂಡವರು ಈ ಖ್ಯಾತಿಯನ್ನು ನಂಬಲಾರರು. ಅದು ಮುದುಡಿಕೊಂಡಿರುತ್ತದೆ, ನಕ್ಷೆಯ ಎಲೆ ಯಾವುದು, ಅಲೆ ಯಾವುದು ತಿಳಿಯುವುದಿಲ್ಲ. ತೊಳೆದು, ಅಂಚಿನ ಒಂದೊಂದು ಮೊನೆಯನ್ನೂ ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಒಣಗಿಸಿದ ಮೇಲೆಯೇ ಅದು ಶಾಲು.

ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ಅಳುಕುವುದು ಸಹಜ. ನಮ್ಮ ಅಣ್ಣನ ಮಗಳು ಎರಡು ತಿಂಗಳು ಕೂತು ಹೆಣೆದ ಸ್ಕಾರ್ಫನ್ನು ಬೋಗುಣಿಯ ನೀರಿನ ಮೇಲೆ ಹಿಡಿದು, “ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ನೆನೆಸಿ ಎಳೀಬೇಕಂತಲ್ಲ ಚಿಕ್ಕಪ್ಪ, ಇದು ನ್ಯಾಯವೇ?” ಎಂದಳು. ಅವಳು ತಮಾಷೆಗೆ ಆಡಿದ ಮಾತು. ಪ್ರಶ್ನೆ ಮಾತ್ರ ತಮಾಷೆಯದಲ್ಲ.

ಉಣ್ಣೆಯ ಸ್ವಭಾವವನ್ನು ತಿಳಿದರೆ ಅರ್ಧ ಉತ್ತರ ದೊರೆಯುತ್ತದೆ. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಳಿಗಳ ನಡುವಿನ ಕಟ್ಟುಗಳಲ್ಲಿ ಎರಡು ಬಗೆಯವು ಇಲ್ಲಿ ಮುಖ್ಯ. ಜಲಜನಕದ ಕಟ್ಟುಗಳು ದುರ್ಬಲ; ನೀರು ಹೊಕ್ಕರೆ ಸಡಿಲುತ್ತವೆ, ಒಣಗಿದಾಗ ಎಳೆಗಳು ಯಾವ ನಿಲುವಿನಲ್ಲಿರುವುವೋ ಅದಕ್ಕೆ ತಕ್ಕಂತೆ ಮತ್ತೆ ಕೂಡಿಕೊಳ್ಳುತ್ತವೆ. ಗಂಧಕದ ಕಟ್ಟುಗಳು ಬಲವಾದವು. ತಣ್ಣೀರಿಗೆ ಜಗ್ಗುವುದಿಲ್ಲ, ಎಳೆಗೆ ತನ್ನ ಮೊದಲ ನಿಲುವಿನ ನೆನಪನ್ನು ಉಳಿಸುವುದು ಅವೇ. ಲೀಡ್ಸ್ ವಿಶ್ವವಿದ್ಯಾಲಯದ ಆಸ್ಟ್‌ಬರಿ 1930ರ ದಶಕದಲ್ಲಿ ಕ್ಷಕಿರಣಗಳ ನೆರವಿನಿಂದ, ಎಳೆದ ಉಣ್ಣೆಯ ಒಳರಚನೆಯೇ ಬದಲಾಗುವುದನ್ನು ತೋರಿಸಿದರು. ಅಂದರೆ ಬ್ಲಾಕಿಂಗ್ ಸಡಿಲಾಗಬಲ್ಲುದನ್ನು ಮಾತ್ರ ಸಡಿಲಿಸಿ, ಉಳಿದುದನ್ನು ಉಳಿದಂತೆ ಬಿಡುತ್ತದೆ. ಕುದಿನೀರಿನಲ್ಲಿ ಹಾಕಿ ಕುಕ್ಕಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ. ಮತ್ತೆ ಯಾವ ಸೂಜಿಯೂ ಅದನ್ನು ಬಿಡಿಸಲಾರದು. ಮೆತುಮಾಡುವುದಕ್ಕೂ ಬೇಯಿಸುವುದಕ್ಕೂ ಅಂತರವಿದೆ.

ಇನ್ನೊಂದು ಮಾತು. ಸೂಜಿ ಹೊಸ ರಂಧ್ರವನ್ನು ಸೃಷ್ಟಿಸುವುದಿಲ್ಲ. ಹೆಣೆಯುವಾಗ ಇಟ್ಟ ರಂಧ್ರವನ್ನು ಬಿಡಿಸುತ್ತದೆ. ತಪ್ಪಿದ ಹೊಲಿಗೆಯಿದ್ದರೆ ಅದನ್ನೂ ಬಯಲಿಗೆ ತರುತ್ತದೆ. ನಕ್ಷೆಯೇ ಇಲ್ಲದ ಹೆಣಿಗೆಯನ್ನು ಎಷ್ಟು ಎಳೆದರೂ ಜಾಲರಿಯಾಗುವುದಿಲ್ಲ, ತೆಳುವಾಗುತ್ತದೆ ಅಷ್ಟೆ. ಮಗು ಏನಾಗಿದೆಯೆಂದು ನೋಡದೆ ತಮ್ಮ ಆಸೆಯ ಅಳತೆಗೆ ಎಳೆಯುವ ತಂದೆತಾಯಿಗಳು ಮರೆಯುವುದು ಇದನ್ನೇ.

ಅಕ್ರಿಲಿಕ್ ನೂಲಿನ ಕಥೆ ಬೇರೆ. ಅದು ನೀರಿಗೆ ಬಗ್ಗುವುದಿಲ್ಲ. ಬಿಸಿ ಹಬೆ ಬೇಕು. ಹಬೆ ಹೆಚ್ಚಾದರೆ ರೂಪವೇನೋ ಶಾಶ್ವತವಾಗಿ ನಿಲ್ಲುತ್ತದೆ, ಆದರೆ ನೂಲಿನ ಪುಟಿತ ಹೋಗಿ ಬಟ್ಟೆ ಜೋಲುತ್ತದೆ. ಇಂಗ್ಲಿಷ್ ಬಲ್ಲ ಹೆಣಿಗೆಯವರು ಇದನ್ನು ‘ಕೊಲ್ಲುವುದು’ ಎಂದೇ ಕರೆಯುತ್ತಾರೆ. ಉಣ್ಣೆಯಾದರೆ ಪ್ರತಿ ಸಲ ತೊಳೆದಾಗಲೂ ಮುದುಡುತ್ತದೆ. ಪ್ರತಿ ಸಲವೂ ಹೊಸದಾಗಿ ಬಿಗಿಯಬೇಕು. ನಾವು ಇದನ್ನು ಉಣ್ಣೆಯ ದೋಷವೆಂದು ಎಣಿಸುತ್ತೇವೆ. ಹಾಗೆಯೇ ನಿನ್ನೆ ಕಲಿತ ತಾಳ್ಮೆ ಇಂದು ಜಾರಿದರೆ, ಕಲಿತದ್ದೆಲ್ಲ ಸುಳ್ಳೆಂದು ಕೈಚೆಲ್ಲುತ್ತೇವೆ. ಮರಳಿ ಮುದುಡುವ ಶಕ್ತಿಯೂ ಮರಳಿ ಅರಳುವ ಶಕ್ತಿಯೂ ಒಂದೇ ಎಂಬುದು ನಮಗೆ ಹೊಳೆಯುವುದಿಲ್ಲ.

ಹೋಲಿಕೆಗೆ ಒಂದು ಮಿತಿಯುಂಟು. ಉಣ್ಣೆ ನೋವೆನ್ನುವುದಿಲ್ಲ, ಮನುಷ್ಯ ಎನ್ನುತ್ತಾನೆ. ಉಣ್ಣೆಯ ವಿಷಯದಲ್ಲಿ ಎಳೆತ ಅತಿಯಾಯಿತೆಂದು ಕೈಯೇ ಊಹಿಸಬೇಕು; ಮಗುವಾದರೆ ಬಾಯಿಬಿಟ್ಟು ಹೇಳುತ್ತದೆ. ಉಣ್ಣೆಗೆ ತೋರುವಷ್ಟು ಜಾಗರೂಕತೆಯನ್ನಾದರೂ ಆ ಮಾತಿಗೆ ತೋರಿಸದಿದ್ದರೆ, ಅದು ಸಂಸ್ಕಾರವಲ್ಲ, ಬಲಾತ್ಕಾರ. ತಿದ್ದುವವನ ಪ್ರೀತಿ ಎಷ್ಟು ದೊಡ್ಡದಾದರೂ ಈ ನಿರ್ಣಯ ಬದಲಾಗದು.

ಕಡೆಯದಾಗಿ, ಸೂಜಿಗಳು ಅಲ್ಲಿಯೇ ಇರತಕ್ಕವಲ್ಲ. ಒಣಗುವ ಮೊದಲೇ ಕಿತ್ತರೆ ರೂಪ ನಿಲ್ಲದು. ಒದ್ದೆಯಲ್ಲಿ ಬಹುಕಾಲ ಬಿಟ್ಟ ಸಾಧಾರಣ ಸೂಜಿ ತುಕ್ಕಿನ ಕಲೆಯನ್ನು ಉಳಿಸಿಹೋಗುತ್ತದೆ. ಬಿಗಿಯುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ, ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ. ಸೂಜಿ ಕೀಳಬೇಕಾದ ಹೊತ್ತನ್ನು ಅರಿಯುವ ವಿವೇಕ ಅದಕ್ಕಿಂತ ಕಷ್ಟದ್ದು. ಸ್ಕಾರ್ಫನ್ನು ಮಾಡಿದ್ದು ಹಲಗೆಯ ಮೇಲೆ ಇಟ್ಟು ನೋಡುವುದಕ್ಕಲ್ಲವಷ್ಟೆ; ಚಳಿಯಲ್ಲಿ ಯಾರಾದರೂ ಹೊದೆಯುವುದಕ್ಕೆ.